ಚಂದ್ರಪ್ರಭಾ ಒಪ್ಪಿಸಿಹೋದ ಜಗಳಗಳು

ನಮ್ಮೂರು ಬಿಟ್ಟು ಹೋಗುವುದು ಸುಲಭವಲ್ಲ ಎಂದರೆ ಹೊರಗಿನವರು ತಪ್ಪು ತಿಳಿಯುತ್ತಾರೆ, ಊರು ಅಷ್ಟು ಚೆಂದವೇನೋ ಅಂದುಕೊಳ್ಳುತ್ತಾರೆ. ಚೆಂದ ಮಣ್ಣಂಗಟ್ಟಿ. ಎರಡು ದಿನಕ್ಕೊಮ್ಮೆ ನಲ್ಲಿ ನೀರು, ಮೂರು ಮೆಡಿಕಲ್ ಸ್ಟೋರು, ಒಂದು ಕಲ್ಲುಸೇತುವೆ. ಆ ಸೇತುವೆಯದೇ ಎಲ್ಲ ಕಿತಾಪತಿ. ಬೆಳಿಗ್ಗೆ ಹೋಗಿ ಸಂಜೆ ಬರುವವರ ತಂಟೆಗೆ ಅದು ಬರುವುದಿಲ್ಲ. ಆದರೆ ಊರನ್ನೇ ಬಿಡುತ್ತೇನೆಂದು ಗಂಟುಮೂಟೆ ಕಟ್ಟಿದವರಿಗೆ ಇಲ್ಲಿ ಒಂದೇ ಒಂದು ಜಗಳ ಬಾಕಿ ಇದ್ದರೂ ಸಾಕು, ಸೇತುವೆ ದಾಟಿ ಕಾಲು ಗಂಟೆ ಹೋದಮೇಲೆ ಅವರು ಊರಿನ ಇನ್ನೊಂದು ತುದಿಯ ಹುಣಸೆ ತೋಪಿನ ಕಡೆಯಿಂದ ವಾಪಸ್ ಒಳಗೆ ಬರುತ್ತಾರೆ. ಗಂಡನ ಸಹವಾಸವೇ ಬೇಡವೆಂದು ಬ್ಯಾಗು ಹಿಡಿದು ಹೊರಟ ಹೆಂಗಸರು ಎಷ್ಟೋ ಜನ ತೋಪಿನ ಪಕ್ಕದ ಮಾರ್ಕೆಟ್ಟಿನಲ್ಲಿ ಸೊಪ್ಪು, ಬದನೆಕಾಯಿ ಕೊಂಡು, ಅದೇ ಬ್ಯಾಗಿನಲ್ಲಿ ಸೀರೆಗಳ ಮೇಲೆ ತುರುಕಿಕೊಂಡು, ಮನೆಗೆ ಬಂದು ಸಾರಿಗೆ ಇಟ್ಟಿದ್ದಾರೆ.

ಹಾಗಾಗಿ ಊರು ಬಿಡುವವರು ಜಗಳಗಳನ್ನು ರಾಜಿ ಮಾಡಿಕೊಳ್ಳಬೇಕು. ರಾಜಿ ಅಂದರೆ ನಮ್ಮವರಿಗೆ ಚಳಿಜ್ವರ ಬರುತ್ತದೆ. ಅದಕ್ಕೇ ಎಲ್ಲರೂ ಎರಡನೇ ದಾರಿ ಹಿಡಿಯುವುದು: ಒಪ್ಪಿಸುವುದು. ಎದುರಾಳಿಯ ಮುಂದೆ ನಿಂತು, ಜಗಳವನ್ನು ಮೊದಲಿಂದ ಕೊನೆಯವರೆಗೆ ಹೇಳಿ, ವೀಳ್ಯದೆಲೆ ಅಡಿಕೆಯ ಸಮೇತ ಇನ್ನೊಬ್ಬರ ಕೈಗೆ ಕೊಡುವುದು. ತೆಗೆದುಕೊಂಡವರು "ಇನ್ನು ಇದು ನಂದು" ಅನ್ನಬೇಕು. ಎದುರಾಳಿ "ಆಗಲಿ, ಇವರೇ ಆಡಲಿ" ಅನ್ನಬೇಕು. ಆಮೇಲೆ ಆ ಜಗಳ ಇಬ್ಬರ ನಡುವೆ ನಡೆದುಕೊಂಡು ಹೋಗುತ್ತದೆ, ಹೋದವರು ಹಾಯಾಗಿ ಹೋಗುತ್ತಾರೆ. ನನ್ನ ಸ್ವಂತ ಸೋದರಮಾವ ಬಿಟ್ಟುಹೋದ ಒಂದು ಜಗಳವನ್ನು ನಮ್ಮತ್ತೆ ಹದಿನೆಂಟು ವರ್ಷ ಆಡಿದರು. ಅದು ಯಾತಕ್ಕೆ ಶುರುವಾಯಿತೆಂದು ಅವರಿಗೂ ಮರೆತುಹೋಗಿತ್ತು, ಎದುರು ಮನೆಯವರಿಗೂ ಮರೆತುಹೋಗಿತ್ತು, ಆದರೂ ಒಂದು ದಿನ ತಪ್ಪಿಸಲಿಲ್ಲ.

ನಾನು ಕುಮುದಾ. ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೋ ಅಂಗಡಿ ನನ್ನದು. ಇದು ನನ್ನ ಗೆಳತಿ ಚಂದ್ರಪ್ರಭಾಳ ಕಥೆ. ಒಂದನೇ ಕ್ಲಾಸಿನಿಂದ ನಾವಿಬ್ಬರೂ ಜೊತೆಗೇ ಬೆಳೆದವರು, ಜೊತೆಗೇ ಮುದುಕಿಯರಾಗುತ್ತೇವೆ ಅಂತಲೂ ನಾನು ಲೆಕ್ಕ ಹಾಕಿದ್ದೆ.

ಚಂದ್ರಿಗೆ ನಲವತ್ನಾಲ್ಕು. ಮನೆಯಲ್ಲೇ ಕೂತು ಪಟ್ಟಣದ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಳು. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಕಂಪ್ಯೂಟರ್ ಮುಂದೆ ಎಂಟು ಗಂಟೆ ತಪ್ಪು ಹುಡುಕಿದಮೇಲೆ ಸುಮ್ಮನೆ ಎದ್ದು ಕೈಕಾಲು ತೊಳೆದು ಕಾಫಿ ಕುಡಿಯಬೇಕಲ್ಲ? ಇವಳು ಬೀದಿಗೆ ಬಂದು ಅದೇ ಕೆಲಸ ಮುಂದುವರಿಸುತ್ತಿದ್ದಳು. ಲೈಬ್ರರಿಯ ಪುಸ್ತಕಗಳಲ್ಲಿ ಅಚ್ಚಿನ ತಪ್ಪುಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುವಳು. ಮದುವೆಮನೆಯಲ್ಲಿ ಊಟ ಮಾಡಿ, ಹೆಣ್ಣಿನ ತಂದೆಯನ್ನೇ ಕರೆದು ಸಾರಿಗೆ ಇಂಗು ಹಾಕಿಲ್ಲ ಅನ್ನುವಳು. ಸುಳ್ಳಂತೂ ಹೇಳುತ್ತಿರಲಿಲ್ಲ. ಅವಳು ಹೇಳಿದ್ದೆಲ್ಲ ನಿಜವೇ, ಅದೇ ತಾನೇ ತೊಂದರೆ.

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, "ಬಿಳೀ ಹಿನ್ನೆಲೆ, ಮೂವತ್ತೈದು ನಲವತ್ತೈದು, ಆರು ಕಾಪಿ," ಅಂದಳು.

"ಯಾವ ದೇಶಕ್ಕೇ?" ಅಂದೆ, ತಮಾಷೆಗೆ.

"ಫಿನ್ಲೆಂಡಿಗೆ. ಕೆಲಸ ಸಿಕ್ತು. ನಗಬಾರದಂತೆ ಫೋಟೋದಲ್ಲಿ. ನೀನು ಆ ಕಡೆ ತಿರುಗು, ನಿನ್ನ ನೋಡಿದ್ರೆ ನಗು ಬರತ್ತೆ."

ನಾನು ಫೋಟೋ ತೆಗೆದೆ. ಫೋಕಸ್ ತಪ್ಪಿತೆಂದು ಎರಡನೇ ಸಲ ತೆಗೆದೆ. ಅವಳು ಫೋಟೋ ನೋಡಿ, "ಎಡಗಿವಿ ಕಾಣಿಸ್ತಿಲ್ಲ, ರಿಜೆಕ್ಟ್ ಆಗತ್ತೆ," ಅಂದಳು. ಮೂರನೇ ಸಲ ತೆಗೆದೆ. ಹತ್ತೊಂಬತ್ತು ಇಂಟರ್‌ವ್ಯೂಗಳಲ್ಲಿ ಬೇಡ ಅನ್ನಿಸಿಕೊಂಡಿದ್ದಳಂತೆ. ಇಪ್ಪತ್ತನೆಯವರು ಅವರ ಆ್ಯಪ್ ತೋರಿಸಿ ಏನನ್ನಿಸುತ್ತದೆ ಎಂದು ಕೇಳಿದರಂತೆ, ಇವಳು ಒಂದೂವರೆ ಗಂಟೆ ಅದರ ಜನ್ಮ ಜಾಲಾಡಿದಳಂತೆ, ಅವರು ಎದ್ದುನಿಂತು ಚಪ್ಪಾಳೆ ತಟ್ಟಿದರಂತೆ. "ಅಲ್ಲಿ ತಪ್ಪು ಹುಡುಕಿದ್ರೆ ಸಂಬಳ ಕೊಡ್ತಾರೆ ಕಣೇ ಕುಮ್ಮಿ. ಇಲ್ಲಿ ಹುಡುಕಿದ್ರೆ ಮಾತು ಬಿಡ್ತಾರೆ," ಅಂದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ, ಡೈವೋರ್ಸಿನಲ್ಲೂ ನೋಡಿರಲಿಲ್ಲ.

ಅಂದಿನಿಂದ ತಯಾರಿ ಶುರು. ಡಿಗ್ರಿ ಸರ್ಟಿಫಿಕೇಟಿಗೆ ಅಟೆಸ್ಟೇಷನ್, ಪೊಲೀಸ್ ಸ್ಟೇಷನ್ನಿನ ಪತ್ರ, ಚಳಿಗೆ ಒಳಗೆ ಹಾಕಿಕೊಳ್ಳುವ ಉಣ್ಣೆ ಬಟ್ಟೆ, ಎರಡು ಕುಕ್ಕರ್ ಗ್ಯಾಸ್ಕೆಟ್, ಇಪ್ಪತ್ತಮೂರು ಕೇಜಿ ಮೀರಬಾರದ ಸೂಟ್‌ಕೇಸು. ತೂಕಕ್ಕೆ ಅದನ್ನು ರೇಷನ್ ಅಂಗಡಿಯ ತಕ್ಕಡಿಯ ಮೇಲೆ ಇಟ್ಟೆವು, ಅಂಗಡಿಯವನು ಅಭ್ಯಾಸಬಲದಿಂದ ಅರ್ಧ ಕೇಜಿ ಜಾಸ್ತಿ ತೋರಿಸಿದ. ಚಂದ್ರಿ ಬಿಡುತ್ತಾಳೆಯೇ? ಅಲ್ಲೊಂದು ಹೊಸ ಜಗಳ ಹುಟ್ಟಿತು. ಇಪ್ಪತ್ತೆರಡಿದ್ದ ಪಟ್ಟಿ ಇಪ್ಪತ್ತಮೂರಾಯಿತು. "ಸೂಟ್‌ಕೇಸಿನ ಕೇಜಿಯಷ್ಟೇ ಆಯ್ತಲ್ಲೇ," ಅಂದೆ. ಅವಳು ನಗಲಿಲ್ಲ.

ಹೌದು, ಪಟ್ಟಿ. ಕಂಪನಿ ಬಿಡುವಾಗ ಮುಂದೆ ಬರುವವರಿಗೆ ಕೆಲಸ ಹೇಳಿಕೊಡುವ ಪದ್ಧತಿಯಿದೆಯಂತೆ, ಕೆ.ಟಿ. ಅನ್ನುತ್ತಾರಂತೆ. ಇವಳು ಜಗಳಗಳಿಗೂ ಕೆ.ಟಿ. ಮಾಡಿದಳು. ಕಂಪ್ಯೂಟರಿನಲ್ಲಿ ಕೋಷ್ಟಕ ಹಾಕಿ, ಯಾರ ಜೊತೆ, ಯಾವತ್ತಿನಿಂದ, ಕಾರಣವೇನು, ಈಗ ಯಾವ ಹಂತದಲ್ಲಿದೆ, ತೀವ್ರತೆ ಎಷ್ಟು ಅಂತೆಲ್ಲ ಬರೆದು, ನನ್ನಲ್ಲೇ ಪ್ರಿಂಟ್ ತೆಗೆಸಿದಳು. ನಮ್ಮೂರಿನಲ್ಲಿ ಹಿಂದೆ ಎಷ್ಟೋ ಜನ ಜಗಳ ಒಪ್ಪಿಸಿಹೋಗಿದ್ದಾರೆ, ಸ್ಪೈರಲ್ ಬೈಂಡಿಂಗ್ ಮಾಡಿಸಿದವಳು ಇವಳೊಬ್ಬಳೇ.

ಮೊದಲನೆಯದು ಅವಳ ಮಾಜಿ ಗಂಡ ಧರಣೇಂದ್ರನದು. ಅದು ಬಹಳ ಕಷ್ಟವೆಂದು ಎಲ್ಲರೂ ಹೆದರಿದ್ದೆವು. ಅವನ ಎರಡನೇ ಹೆಂಡತಿ ಕೋಷ್ಟಕ ಓದಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಕೊಡಿ ಅಕ್ಕ, ನಂದೂ ಇದೇ ವಿಷಯ," ಎಂದು ಎಲೆಯಡಿಕೆ ಎರಡು ಕೈಯಲ್ಲಿ ಇಸಿದುಕೊಂಡಳು. ಧರಣೇಂದ್ರನಿಗೆ ಬೇಡ ಅನ್ನುವ ಹಕ್ಕಿತ್ತು. ಹೆಂಡತಿಯ ಮುಖ ನೋಡಿ "ಆಗಲಿ" ಅಂದ.

ಇಸ್ತ್ರಿ ಅಂಗಡಿಯ ಭುಜಬಲಿಯದು ಅಷ್ಟು ಸಲೀಸಾಗಲಿಲ್ಲ. ಆರು ವರ್ಷದ ಹಿಂದೆ ರೇಷ್ಮೆ ಸೀರೆಯ ಅಂಚು ಸುಟ್ಟ ಜಗಳ ಅದು. ತೆಗೆದುಕೊಳ್ಳಲು ಮುಂದೆ ಬಂದವರು ಪೋಸ್ಟ್ ಆಫೀಸಿನ ಸೂರ್ಯಕಾಂತರಾಯರು, ಸೊಳ್ಳೆ ಹೊಡೆದರೂ ಸಾರಿ ಕೇಳುವ ಮನುಷ್ಯ. ಭುಜಬಲಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಅವರನ್ನು ಮೇಲಿಂದ ಕೆಳಗೆ ನೋಡಿದ.

"ಇವ್ರಾ? ಇವರಿಗೆ ಸಿಟ್ಟು ಬಂದಿದ್ದನ್ನ ಅವರ ಮನೆಯವರೇ ನೋಡಿಲ್ಲ. ಆರು ವರ್ಷ ಚಂದ್ರಮ್ಮನೋರ ಹತ್ರ ಬೈಸ್ಕೊಂಡು ಈಗ ಇವರ ಹತ್ರ ಬೈಸ್ಕೊಳ್ಳೋದಾ? ನಂಗೂ ಒಂದು ಲೆವೆಲ್ ಅಂತ ಇಲ್ವಾ?"

ಚಂದ್ರಿ ರಾಯರಿಗೆ ಮೂರು ದಿನ ತರಬೇತಿ ಕೊಟ್ಟಳು. ನನ್ನ ಅಂಗಡಿಯ ಹಿಂದಿನ ಜಾಗದಲ್ಲಿ ನಿಲ್ಲಿಸಿ, "ಗಂಟಲಿಂದ ಅಲ್ಲ ಸಾರ್, ಹೊಟ್ಟೆಯಿಂದ ಬರ್ಬೇಕು. 'ದಯವಿಟ್ಟು' ತೆಗೀರಿ. ಮತ್ತೊಂದ್ಸಲ," ಅನ್ನುವಳು. ನಾಲ್ಕನೇ ದಿನ ರಾಯರು ಇಸ್ತ್ರಿಯಾದ ಅಂಗಿಯನ್ನು ಭುಜಬಲಿಯ ಮೇಜಿನ ಮೇಲೆ ಬಿಸಾಕಿ, "ಇದು ಕಾಲರಾ, ಹಪ್ಪಳಾನಾ?" ಎಂದು ಅಬ್ಬರಿಸಿದರು. ಬೀದಿಯೇ ತಿರುಗಿ ನೋಡಿತು. ಭುಜಬಲಿಗೆ ಸಂತೋಷದಿಂದ ಕಣ್ಣು ತುಂಬಿತು. ಅಂದಿನಿಂದ ರಾಯರ ನಡಿಗೆಯೇ ಬೇರೆ. ಮನೆಯಲ್ಲಿ ಕಾಫಿ ತಣ್ಣಗಿದ್ದರೆ ಲೋಟ ವಾಪಸ್ ಕಳಿಸುತ್ತಾರಂತೆ.

ಪಕ್ಕದ ಮನೆಯ ಸಂಗೀತದ ಟೀಚರ್ ವಾರಿಜಮ್ಮನದು ಇನ್ನೊಂದು ಬಗೆ. ಬೆಳಗಿನ ಸಾಧಕದಲ್ಲಿ ಅವರ ನಿಷಾದ ಸ್ವರ ಎಳೆಯಷ್ಟು ಇಳಿಯುತ್ತದೆ. ಅದು ಇಳಿದಾಗಲೆಲ್ಲ ಚಂದ್ರಿ ಕಿಟಕಿಯನ್ನು ಧಡಾರನೆ ಮುಚ್ಚುತ್ತಾಳೆ. ಒಂಬತ್ತು ವರ್ಷದಿಂದ. ಮಹಡಿಯ ಮೇಲಿನ ಬಾಡಿಗೆಯ ಹುಡುಗಿಗೆ ಒಪ್ಪಿಸಲು ಹೋದಾಗ ಟೀಚರ್ ಒಂದೇ ಷರತ್ತು ಹಾಕಿದರು: "ಕಿಟಕಿ ಸರಿಯಾದ ಜಾಗದಲ್ಲೇ ಬಡೀಬೇಕಮ್ಮ. ಆ ಶಬ್ದ ಇಲ್ದೆ ಇದ್ರೆ ನಾನು ಇಳಿದಿದ್ದು ನಂಗೆ ಗೊತ್ತಾಗಲ್ಲ." ಹುಡುಗಿ ಒಂದು ವಾರ ಕಿಟಕಿ ಬಡಿಯುವುದನ್ನು ಅಭ್ಯಾಸ ಮಾಡಿದಳು. ಕೊನೆಗೆ ಅವಳಿಗೆ ನಿಷಾದವೂ ಬಂತು, ಸಂಗೀತದ ಹುಚ್ಚೂ ಹಿಡಿಯಿತು, ಈಗ ಅಲ್ಲೇ ಪಾಠಕ್ಕೆ ಹೋಗುತ್ತಾಳೆ. ಜಗಳ ಮಾತ್ರ ಬಿಟ್ಟಿಲ್ಲ.

ಹೀಗೆ ಇಪ್ಪತ್ತಮೂರೂ ಮುಗಿದವು. ಪ್ರತಿಯೊಂದರ ಮುಂದೆಯೂ ಚಂದ್ರಿ ಹಸಿರು ಟಿಕ್ಕು ಹಾಕಿದಳು. ವಿಮಾನ ಇದ್ದದ್ದು ಮುಂದಿನ ಶುಕ್ರವಾರ, ಕೆಲಸಕ್ಕೆ ಸೇರಬೇಕಾದದ್ದು ಅದರ ನಂತರದ ಸೋಮವಾರ. ಅಂದು ಬಾರದಿದ್ದರೆ ಆ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತೇವೆ ಎಂದು ಕಂಪನಿಯವರು ಬಹಳ ಮರ್ಯಾದೆಯಿಂದ ಬರೆದಿದ್ದರು. ನಮ್ಮೂರಿನಲ್ಲಿ ಯಾರೂ ಸೇತುವೆಯನ್ನು ನಂಬಿ ಟಿಕೆಟ್ ತೆಗೆಯುವುದಿಲ್ಲ, ಆರೇಳು ದಿನ ಮೊದಲೇ ಹೊರಡುತ್ತಾರೆ. ಚಂದ್ರಿ ಶನಿವಾರವೇ ಹೊರಟಳು. ಇಮ್ತಿಯಾಜನ ಆಟೋ. ಸೇತುವೆಯ ಹತ್ತಿರ ನಲವತ್ತು ಜನ ಸೇರಿದ್ದರು, ಅದರಲ್ಲಿ ಮುಕ್ಕಾಲು ಪಾಲು ಅವಳು ಖಂಡಿತ ಹೋಗುತ್ತಾಳೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಬಂದವರು. ಆಟೋ ದಾಟಿತು, ತಿರುವಿನಲ್ಲಿ ಮರೆಯಾಯಿತು. ಕಾಲು ಗಂಟೆಯಾದ ಮೇಲೆ ತೋಪಿನ ಕಡೆಯಿಂದ ಯಾರೋ ಫೋನ್ ಮಾಡಿದರು: "ಬಂದ್ಬಿಟ್ಳು."

ಇನ್ನೊಂದು ಜಗಳ ಎಲ್ಲೋ ಉಳಿದಿದೆ ಎಂದಾಯಿತು. ಟೆಸ್ಟಿಂಗಿನವಳ ಕೈಗೆ ಸಿಗದ ತಪ್ಪು! ಅವಳಿಗೆ ಅದೇ ದೊಡ್ಡ ಅವಮಾನ. ಭಾನುವಾರ, ಸೋಮವಾರ ಮನೆಮನೆಗೆ ಹೋಗಿ, "ನನ್ನ ಮೇಲೆ ನಿಮಗೆ ಏನಾದ್ರೂ ಇದ್ಯಾ?" ಎಂದು ಕೇಳಿದಳು. ನಮ್ಮವರನ್ನು ಹಾಗೆಲ್ಲ ಕೇಳಬಾರದು. ಸುಮ್ಮನಿದ್ದವರೂ ನೆನಪು ಮಾಡಿಕೊಂಡರು. ಮೆಡಿಕಲ್ ಸ್ಟೋರಿನವನಿಗೆ ಹತ್ತು ವರ್ಷದ ಹಿಂದೆ ಅವಳು ಕೆಮ್ಮಿನ ಔಷಧಿ ವಾಪಸ್ ತಂದದ್ದು ಆಗ ನೋವಾಗಿರಲಿಲ್ಲವಂತೆ, ಈಗ ಆಯಿತಂತೆ. ಎಂಟು ಹೊಸ ಜಗಳ ಎದ್ದವು. ಎಂಟನ್ನೂ ಎರಡು ದಿನದಲ್ಲಿ ಒಪ್ಪಿಸಿದಳು. ಊರಿನಲ್ಲಿ ವೀಳ್ಯದೆಲೆ ಸಿಗದಂತಾಯಿತು.

ಸೋಮವಾರ ಸಂಜೆ ಕೊನೆಯದಾಗಿ ನನ್ನಲ್ಲಿಗೆ ಬಂದಳು. ನಗುತ್ತಲೇ ಕೇಳಿದಳು, "ನಿಂಗೇನಾದ್ರೂ ಇದ್ಯೇನೇ?"

"ನಂಗೇನು? ಏನೂ ಇಲ್ಲ," ಅಂದೆ.

ಸುಳ್ಳು. ಬಾಯಿಬಿಟ್ಟು ಆಡದ ಜಗಳವೂ ಜಗಳವೇ ಎಂದು ನಮ್ಮೂರಿನ ಕೂಸಿಗೂ ಗೊತ್ತು. ಅವಳು ಫೋಟೋ ತೆಗೆಸಲು ಬಂದ ದಿನದಿಂದ ನಾನು ಒಂದು ಸಿಟ್ಟು ಇಟ್ಟುಕೊಂಡಿದ್ದೆ. ಹತ್ತೊಂಬತ್ತು ಇಂಟರ್‌ವ್ಯೂ ಕೊಟ್ಟಿದ್ದಾಳೆ, ಒಂದರ ಸುದ್ದಿಯೂ ನನಗೆ ಹೇಳಿಲ್ಲ. ಇಪ್ಪತ್ತನೆಯದೂ ನಾನಾಗಿ ಕೇಳಿದ್ದಕ್ಕೆ ಗೊತ್ತಾಗಿದ್ದು. ಬಿಳೀ ಹಿನ್ನೆಲೆಯಂತೆ, ಆರು ಕಾಪಿಯಂತೆ. ನಾನೇನು ಅವಳಿಗೆ ಬರೀ ಫೋಟೋ ಅಂಗಡಿಯವಳೇ? ಇದನ್ನು ಹೇಳಿದರೆ ಅವಳು ಇದನ್ನೂ ಯಾರಿಗಾದರೂ ಒಪ್ಪಿಸಿ ಹೋಗುತ್ತಾಳೆ. ಹೇಳದಿದ್ದರೆ ಸೇತುವೆ ಅವಳನ್ನು ಬಿಡುವುದಿಲ್ಲ. ನಾನು ಏನೂ ಮಾಡಬೇಕಾಗಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮುಚ್ಚಿಕೊಂಡೆ. ಆ ರಾತ್ರಿ ಊಟವೂ ಚೆನ್ನಾಗಿ ಸೇರಿತು, ಸುಳ್ಳೇಕೆ ಹೇಳಲಿ.

ಬುಧವಾರ ಎರಡನೇ ಸಲ ಹೊರಟಳು. ಈ ಸಲ ನಾನು ಸೇತುವೆಗೆ ಹೋಗದೆ ನೇರ ತೋಪಿಗೇ ಹೋಗಿ ನಿಂತೆ. ಮರಗಳ ನಡುವೆ ಇಮ್ತಿಯಾಜನ ಆಟೋ ಕಾಣಿಸಿತು. ಅವನು ಇಳಿದು, "ನಾನು ಸ್ಟೇರಿಂಗ್ ತಿರುಗಿಸೇ ಇಲ್ಲ ಅಕ್ಕ, ಅಲ್ಲಾನಾಣೆ, ನೆಟ್ಟಗೇ ಹೋದೆ," ಎಂದು ಕ್ಷಮೆ ಕೇಳುವವನಂತೆ ನಿಂತ. ಚಂದ್ರಿ ಸೂಟ್‌ಕೇಸ್ ಇಳಿಸಿ ಅದರ ಮೇಲೆ ಕೂತಳು. ಯಾರನ್ನೂ ಬಯ್ಯಲಿಲ್ಲ. ಪಕ್ಕದಲ್ಲಿ ಸೊಪ್ಪಿನವಳು ಬಾಡಿದ ದಂಟನ್ನು ಮೇಲೆ ತಾಜಾ ಸೊಪ್ಪು ಮುಚ್ಚಿ ಮಾರುತ್ತಿದ್ದಳು. ಚಂದ್ರಿ ಅದನ್ನು ನೋಡಿದಳು, ನೋಡಿಯೂ ಏನೂ ಅನ್ನಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಗುರುವಾರ ಬೆಳಿಗ್ಗೆ ಅಂಗಡಿಗೆ ಬಂದು ಒಂದು ಹಾಳೆ ಕೊಟ್ಟಳು. "ಸ್ಕ್ಯಾನ್ ಮಾಡು. ಇವತ್ತೇ ಕಳಿಸ್ಬೇಕು." ಕೆಲಸ ಬೇಡವೆಂದು ಕಂಪನಿಗೆ ಬರೆದ ಪತ್ರ, ಕೆಳಗೆ ಸಹಿ. ಓದಿದೆ. ಎರಡನೇ ಸಾಲಿನಲ್ಲಿ ಇವಳ ಹೆಸರಿನಲ್ಲೇ ಒಂದು ಅಕ್ಷರ ಬಿಟ್ಟುಹೋಗಿತ್ತು. ನಲವತ್ತು ವರ್ಷದಲ್ಲಿ ಚಂದ್ರಿ ಬರೆದದ್ದರಲ್ಲಿ ನಾನು ತಪ್ಪು ಕಂಡದ್ದು ಅದೇ ಮೊದಲು.

ಹಾಳೆಯನ್ನು ಮಷೀನಿನ ಗಾಜಿನ ಮೇಲೆ ಇಟ್ಟೆ. ಮುಚ್ಚಳ ಹಾಕಿದೆ. ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟೇ, ಆಮೇಲೆ ನನ್ನ ಕೈಲಿ ಆಗಲಿಲ್ಲ.

"ನಾಚಿಕೆ ಆಗಲ್ವೇನೇ ನಿಂಗೆ?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಊರೆಲ್ಲ ಕೇಳ್ಕೊಂಡು ಬಂದ್ಯಲ್ಲ, ಮೆಡಿಕಲ್ ಸ್ಟೋರಿನವನ ಕೆಮ್ಮಿನೌಷಧಿವರೆಗೂ ನೆನೆಸ್ಕೊಂಡ್ಯಲ್ಲ, ನಾನು ಕಾಣಿಸ್ಲಿಲ್ವಾ? ಹತ್ತೊಂಬತ್ತು ಸಲ ಆ ಕಂಪ್ಯೂಟರ್ ಮುಂದೆ ಕೂತು ಅವರಿವರಿಗೆಲ್ಲ ನಿನ್ನ ಬಗ್ಗೆ ಹೇಳ್ಕೊಂಡೆ. ದಿನಾ ಸಂಜೆ ಇದೇ ಸ್ಟೂಲ್ ಮೇಲೆ ಕೂತು ನನ್ನ ಕಾಫಿ ಕುಡಿದೆ. ಒಂದ್ ಮಾತು? ಒಂದೇ ಒಂದ್ ಮಾತು ಹೇಳೋಕೆ ನಿನ್ನ ಗಂಟೇನು ಹೋಗ್ತಿತ್ತು? ಮೂವತ್ತೈದು ನಲವತ್ತೈದಂತೆ! ನಿನ್ನ ಎಡಗಿವಿ ಕಾಣದಿದ್ರೆ ಏನಾಯ್ತೇ, ನಿಂಗೆ ನಾನೇ ಕಾಣ್ಲಿಲ್ಲ!"

ಇನ್ನೂ ಏನೇನೋ ಅಂದೆ. ಅವಳ ಅಜ್ಜಿಯವರೆಗೂ ಹೋದೆ, ಬರೆಯುವಂಥದ್ದಲ್ಲ. ಎದುರಿನ ಬಸ್ ಸ್ಟ್ಯಾಂಡಿನಲ್ಲಿ ಜನ ಬಸ್ಸು ಬಿಟ್ಟು ನಿಂತರು. ಚಂದ್ರಿ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು.

"ನೀನಾ?" ಅಂದಳು ಕೊನೆಗೆ. "ಉಳಿದಿದ್ದು ನಿಂದಾ?"

"ನಂದೇ. ಏನೀಗ?"

ವಾರಿಜಮ್ಮ ಟೀಚರ್ ಅಷ್ಟರಲ್ಲಿ ಜೆರಾಕ್ಸಿಗೆಂದು ಬಂದಿದ್ದವರು ಬಾಗಿಲಲ್ಲೇ ಕಣ್ಣೊರೆಸಿಕೊಳ್ಳುತ್ತ, "ಕೊಡೇ ಚಂದ್ರಿ, ಇದನ್ನ ನಾನು ತಗೋತೀನಿ. ಕುಮುದನ ಜೊತೆ ನಾನು ಆಡ್ತೀನಿ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು.

"ಬೇಡ," ಅಂದೆ ನಾನು. ಎದುರಾಳಿಗೆ ಆ ಹಕ್ಕಿದೆ. "ಇದನ್ನ ಬೇರೆ ಯಾರ ಜೊತೆಗೂ ನಾನು ಆಡಲ್ಲ."

ಚಂದ್ರಿ ಸ್ಟೂಲಿನ ಮೇಲೆ ಕೂತಳು. ಆಮೇಲೆ ಅವಳಿಗೆ ಗೊತ್ತಿದ್ದ ಒಂದೇ ರೀತಿಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನಿಂಗೆ ಮೊದಲೇ ಹೇಳಿದ್ರೆ ನಾನು ಒಂದು ಅರ್ಜಿನೂ ಹಾಕ್ತಿರ್ಲಿಲ್ಲ ಕುಮ್ಮಿ."

"ನಾನೇನು ಹೋಗ್ಬೇಡ ಅಂತಿದ್ನಾ?"

"ಅಂತಿರ್ಲಿಲ್ಲ. 'ಹೋಗೇ, ಒಳ್ಳೇದಾಗ್ಲಿ' ಅಂತಿದ್ದೆ. ಅಂದು ಆ ಕಡೆ ತಿರುಗಿ ಮಷೀನ್ ಒರೆಸ್ತಾ ನಿಂತ್ಕೋತಿದ್ದೆ. ಆ ಬೆನ್ನು ನೋಡಿ ನಾನು ಮನೆಗೆ ಹೋಗಿ ಕಂಪ್ಯೂಟರ್ ಮುಚ್ಚಿಡ್ತಿದ್ದೆ. ಅದು ನಂಗೆ ಗೊತ್ತಿತ್ತು. ಅದಕ್ಕೇ ಹೇಳ್ಲಿಲ್ಲ. ಈ ಊರಲ್ಲಿ ನನ್ನ ಹಿಡಿದಿಡೋಕಾಗೋದು ನೀನೊಬ್ಳೇ. ಸೇತುವೆ ಏನು ಮಹಾ."

ನಾನು ಆ ಕಡೆ ತಿರುಗಿ ಮಷೀನ್ ಒರೆಸತೊಡಗಿದೆ. ಒರೆಸುತ್ತಿದ್ದೇನೆ ಎಂದು ಗೊತ್ತಾಗಿ ಬಟ್ಟೆ ಬಿಸಾಕಿದೆ. ಅವಳು ನಕ್ಕಳು, ನಾನು ಅತ್ತೆ, ಆಮೇಲೆ ಅವಳು ಅತ್ತಳು, ನಾನು ನಕ್ಕೆ. ಟೀಚರ್ ಇಬ್ಬರಿಗೂ ಸೇರಿಸಿ ಅತ್ತರು. ಗಾಜಿನ ಮೇಲಿದ್ದ ಹಾಳೆಯನ್ನು ತೆಗೆದು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದೆ. ನಮ್ಮೂರಿನಲ್ಲಿ ಎಷ್ಟು ವರ್ಷಗಳಿಂದ ರಾಜಿಯೇ ಆಗಿರಲಿಲ್ಲವೋ, ಅದಕ್ಕೆ ಎಲೆಯಡಿಕೆ ಬೇಕೋ ಬೇಡವೋ ಎಂಬುದೂ ಯಾರಿಗೂ ಗೊತ್ತಿರಲಿಲ್ಲ.

ಹನ್ನೊಂದೂವರೆಗೆ ಆಟೋ ಬಂತು. ಸೂಟ್‌ಕೇಸ್ ನಾನೇ ಎತ್ತಿ ಇಟ್ಟೆ. ಸೇತುವೆಯವರೆಗೆ ಹೋದೆ. ಅವಳು ಆಟೋದಿಂದ ತಲೆ ಹೊರಗೆ ಹಾಕಿ, "ನಿನ್ನ ಅಂಗಡಿ ಬೋರ್ಡಲ್ಲಿ ಲ್ಯಾಮಿನೇಷನ್ ಅನ್ನೋದರ ಕಾಗುಣಿತ ತಪ್ಪಾಗಿದೆ ಕಣೇ, ಇಪ್ಪತ್ತು ವರ್ಷದಿಂದ ಹೇಳ್ಬೇಕು ಅಂತಿದ್ದೆ," ಅಂದಳು. ನನಗೊಬ್ಬಳಿಗೆ ಮಾತ್ರ ಅವಳು ಹೇಳದೆ ಇಟ್ಟುಕೊಂಡ ತಪ್ಪು ಅದು. ಆಟೋ ದಾಟಿತು. ತಿರುವಿನಲ್ಲಿ ಮರೆಯಾಯಿತು. ಜನ ಚಪ್ಪಾಳೆ ತಟ್ಟಿದರು.

ನಾನು ಯಾರಿಗೂ ಹೇಳದೆ ಮಾರ್ಕೆಟ್ಟಿನ ಒಳದಾರಿ ಹಿಡಿದು ತೋಪಿಗೆ ನಡೆದೆ. ಕಾಲು ಗಂಟೆ ಸಮಯವಿತ್ತು. ಅಷ್ಟರಲ್ಲಿ ಅವಳ ಮೇಲೆ ಒಂದು ಸಿಟ್ಟು ಸಿಕ್ಕರೆ ಸಾಕು, ಎಷ್ಟು ಸಣ್ಣದಾದರೂ ಆದೀತು, ಆಟೋ ಈ ಕಡೆಯಿಂದ ಬಂದೇ ಬರುತ್ತದೆ. ಅವಳಿಗೆ ಕೇಡು ಬಯಸಿ ಅಲ್ಲ, ಒಂದೇ ಒಂದು ಸಲ ನೋಡಿ ಮತ್ತೆ ಕಳಿಸೋಣ ಅಂತ. ಹುಣಸೆ ಮರದ ಕೆಳಗೆ ನಿಂತು ಹುಡುಕಿದೆ. ಐದನೇ ಕ್ಲಾಸಿನಲ್ಲಿ ನನ್ನ ಹೊಸ ಛತ್ರಿ ಮುರಿದಿದ್ದಳು. ನನ್ನ ಮಗಳ ಭರತನಾಟ್ಯ ನೋಡಿ ಯೋಗಾಸನ ಚೆನ್ನಾಗಿದೆ ಅಂದಿದ್ದಳು. ನನ್ನ ಗಂಡ ತೀರಿಕೊಂಡ ದಿನ ಬಂದವರೆಲ್ಲ ಅವರು ದೇವರಂಥ ಮನುಷ್ಯ ಅನ್ನುತ್ತಿದ್ದಾಗ, ಇವಳು ನನ್ನ ಕಿವಿಯಲ್ಲಿ, "ಗೊರಕೆ ಒಂದು ಬಿಟ್ರೆ," ಅಂದಿದ್ದಳು. ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿದೆ. ಕೋಪ ಮಾಡಿಕೊಳ್ಳಲು ಹಲ್ಲು ಕಚ್ಚಿದೆ, ಮುಷ್ಟಿ ಬಿಗಿಹಿಡಿದೆ. ಪಕ್ಕದ ಸೊಪ್ಪಿನವಳು ಹೊಟ್ಟೆ ನೋವಾ ಅಕ್ಕ ಎಂದು ಕೇಳಿದಳು.

ಕಾಲು ಗಂಟೆಯಾಯಿತು. ಅರ್ಧ ಗಂಟೆಯಾಯಿತು. ಒಂದೂ ಸಿಗಲಿಲ್ಲ.